24 ಚೀಲ ಕಾಫಿ, ಬಾಣೆ ದಾರಿ: ಪಿಕಪ್‌ಗೆ ಆಲ್ ಟೆರೇನ್ ಟೈರ್ ಹಾಕಿಸಬೇಕಾ?

ಕಕ್ಕಬ್ಬೆ ಪಿಕಪ್ · ಭಾನುವಾರ ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ಟೈರ್ ವಿಷಯದಲ್ಲಿ ತಲೆ ಕೆಟ್ಟುಹೋಗಿದೆ. ಗೊತ್ತಿದ್ದವರು ಸ್ವಲ್ಪ ಹೇಳಿ.

ನನ್ನದು ಟೂ ವೀಲ್ ಡ್ರೈವ್ ಪಿಕಪ್. ಮನೆಯಿಂದ ಟಾರ್ ರಸ್ತೆಗೆ ಬರಲು ಒಂದೂವರೆ ಕಿಲೋಮೀಟರ್ ಬಾಣೆ ದಾರಿ, ಅಂದರೆ ಮರಗಾಡಿನ ಗುಡ್ಡದ ದಾರಿ ಇದೆ. ಅರ್ಧ ಕೆಂಪು ಮಣ್ಣು, ಅರ್ಧ ಕಲ್ಲು. ರೋಬಸ್ಟಾ ಕುಯ್ಲು ಶುರುವಾದರೆ ಮಾರ್ಚ್‌ವರೆಗೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ತುಂಬಿಕೊಂಡು ಕುಶಾಲನಗರಕ್ಕೆ ಓಡಾಟ. ಟ್ರಿಪ್‌ಗೆ 50 ಕೆಜಿಯ 24 ಚೀಲ. ಮಳೆಗಾಲದಲ್ಲಿ ಗೊಬ್ಬರ, ಸುಣ್ಣ, ಮೈಲುತುತ್ತ, ಅಷ್ಟೇ.

ಮೊನ್ನೆ ಬೋಯಿಕೇರಿ ಇಳಿಜಾರಿನಲ್ಲಿ ಹಿಂದಿನ ಎಡಗಡೆ ಏನೋ ಕುಣಿದ ಹಾಗಾಯಿತು. ಸುಂಟಿಕೊಪ್ಪದಲ್ಲಿ ನಿಲ್ಲಿಸಿ ನೋಡಿದರೆ ಟೈರಿನ ಪಕ್ಕದಲ್ಲಿ ಕಿತ್ತಳೆ ಹಣ್ಣಿನಷ್ಟು ಗುಳ್ಳೆ! ಒಡೆದಿದ್ದರೆ ಎಂತ ಗತಿ? ಅಲ್ಲೇ ಸ್ಟೆಪ್ನಿ ಹಾಕಿಕೊಂಡು ಮೆಲ್ಲ ಹೋದೆ.

ಅಂಗಡಿಯವರು ನಾಲ್ಕೂ ಬದಲಾಯಿಸಿ, ದೊಡ್ಡ ಬಟನ್ (ನೆಲಕ್ಕೆ ತಾಗುವ ರಬ್ಬರ್ ಗಟ್ಟಿ) ಇರುವ ಆಲ್ ಟೆರೇನ್ ಹಾಕಿ, ಕೆಸರು ಕಲ್ಲು ಯಾವುದೂ ಲೆಕ್ಕಕ್ಕಿಲ್ಲ ಅನ್ನುತ್ತಾರೆ. ಈಗಿರುವ ಟೈರಿನ ಪಕ್ಕದಲ್ಲಿ ‘ಪಿ 235/75 ಆರ್ 15 105 ಎಸ್’ ಅಂತ ಬರೆದಿದೆ. ಅದರ ಅರ್ಥವೂ ನನಗೆ ಪೂರ್ತಿ ಗೊತ್ತಿಲ್ಲ. ಆಲ್ ಟೆರೇನ್ ಹಾಕಿಸಲಾ?

ಸೋಮವಾರಪೇಟೆ ಹುಡುಗ · 8.52

ಕಣ್ಣು ಮುಚ್ಚಿ ಹಾಕಿಸಿ ಅಣ್ಣ. ನಾನು ಹಾಕಿಸಿ ಮೂರು ವರ್ಷ ಆಯಿತು. ನೋಡಲಿಕ್ಕೂ ಗಾಡಿ ಒಳ್ಳೆ ಗತ್ತಾಗಿ ಕಾಣುತ್ತದೆ.

ಮಳೆಹುಳು · 8.55

ಚೀಲಕ್ಕೆ ಗತ್ತು ಕಾಣುತ್ತದಾ?

ಜೀಪ್ ಮಾವ · 9.10

ಆಲ್ ಟೆರೇನ್ ಅಂತ ಬರೆದ ತಕ್ಷಣ ನಮ್ಮ ಮಣ್ಣು ಹೆದರುವುದಿಲ್ಲ ತಮ್ಮ. ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಬಾಣೆಯ ಕೆಂಪು ಮಣ್ಣು ಸೋಪಿನ ಹಾಗೆ. ಹತ್ತು ಸುತ್ತು ತಿರುಗುವಷ್ಟರಲ್ಲಿ ಆ ಬಟನ್‌ಗಳ ಸಂದಿಯಲ್ಲೆಲ್ಲ ಮಣ್ಣು ಮೆತ್ತಿಕೊಂಡು ಟೈರ್ ಕಡುಬಿನ ಹಾಗೆ ನುಣ್ಣಗಾಗುತ್ತದೆ. ಆಮೇಲೆ ಅದು ಆಲ್ ಟೆರೇನಾ, ಬೋಳು ಟೈರಾ, ವ್ಯತ್ಯಾಸವೇ ಇಲ್ಲ.

ನಮ್ಮ ಕಾಲದಿಂದ ಒಂದೇ ಮದ್ದು. ಹಿಂದಿನ ಎರಡು ಚಕ್ರಕ್ಕೆ ಚೈನ್. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮಡಿಕೇರಿ ಸಂಪಾಜೆ ರಸ್ತೆಯೇ ಬಂದ್ ಆಗಿತ್ತಲ್ಲ, ಆ ವಾರ ಪೂರ್ತಿ ನಮ್ಮ ಒಳದಾರಿಯಲ್ಲಿ ಓಡಿದ್ದು ಚೈನ್ ಕಟ್ಟಿದ ಜೀಪುಗಳು ಮಾತ್ರ.

ಏಲಕ್ಕಿ ಅಕ್ಕ · 9.18

ಮಾವ, ಚೈನ್ ಸರಿ. ಆದರೆ ಅದನ್ನು ಬಿಚ್ಚದೆ ಕಾಂಕ್ರೀಟ್ ರಸ್ತೆಗೆ ಬರುವವರಿಗೆ ಏನು ಹೇಳೋದು? ನಮ್ಮ ಲೈನ್ ಮನೆ ಹತ್ತಿರ ಹಾಕಿದ ಹೊಸ ಕಾಂಕ್ರೀಟ್ ಒಂದೇ ಮಳೆಗಾಲಕ್ಕೆ ಕೆರೆದ ತೆಂಗಿನಕಾಯಿ ಥರ ಆಗಿದೆ.

ಜೀಪ್ ಮಾವ · 9.21

ಅದು ನಾನಲ್ಲ ಮಗಳೇ.

ಮಳೆಹುಳು · 9.22

ಯಾರು ಅಂತ ಅವರು ಕೇಳಲೇ ಇಲ್ಲ ಮಾವ 😄

ಗಾಳಿ ಎಷ್ಟು · 9.47

ನಾನು ಗೋಣಿಕೊಪ್ಪದಲ್ಲಿ ಆರು ವರ್ಷ ಟೈರ್ ಕೆಲಸ ಮಾಡಿದವನು. ಈಗ ಬಿಟ್ಟಿದ್ದೇನೆ. ಹಾಗಾಗಿ ಯಾರಿಗೂ ಏನೂ ಮಾರಬೇಕಿಲ್ಲ.

ಎಲ್ಲರೂ ಬಟನ್ ನೋಡುತ್ತಿದ್ದೀರಿ. ಗುಳ್ಳೆ ಬಂದದ್ದು ಬಟನ್‌ನಲ್ಲಿ ಅಲ್ಲ, ಪಕ್ಕದ ಗೋಡೆಯಲ್ಲಿ. ಒಳಗಿನ ನೂಲು ತುಂಡಾಗಿದೆ ಅಂತ ಅರ್ಥ. ನೂಲು ಹೋದ ಜಾಗದಲ್ಲಿ ಬರೀ ರಬ್ಬರ್ ಗಾಳಿಯನ್ನು ಹಿಡಿದುಕೊಂಡಿರುತ್ತದೆ. ಅದಕ್ಕೆ ರಿಪೇರಿ ಇಲ್ಲ. ದಯವಿಟ್ಟು ಯಾರೂ ಒಳಗೆ ಪ್ಯಾಚ್ ಹಾಕಿಸಬೇಡಿ.

ಹೊಂಡಕ್ಕೆ ಜೋರಾಗಿ ಬಿದ್ದರೆ ನೂಲು ತುಂಡಾಗುತ್ತದೆ. ಗಾಳಿ ಕಮ್ಮಿ ಇದ್ದು ಲೋಡ್ ಜಾಸ್ತಿ ಇದ್ದರೆ ಇನ್ನೂ ಬೇಗ.

ನಿಮ್ಮ ಟೈರಿನ 105 ಇದೆಯಲ್ಲ, ಅದು ಲೋಡ್ ಇಂಡೆಕ್ಸ್. 105 ಅಂದರೆ ಒಂದು ಟೈರ್ 925 ಕೆಜಿ ಹೊರಬಹುದು. 100 ಅಂದರೆ 800, 104 ಅಂದರೆ 900, 109ಕ್ಕೆ 1,030, 110ಕ್ಕೆ 1,060. ‘ಎಸ್’ ಅನ್ನುವುದು ವೇಗದ ಅಕ್ಷರ, ಗಂಟೆಗೆ 180 ಕಿಲೋಮೀಟರ್. ನಮ್ಮ ರಸ್ತೆಯಲ್ಲಿ ಅದನ್ನು ಮರೆತುಬಿಡಿ.

ಮೂರು ಪ್ರಶ್ನೆ. ಹಿಂದೆ ಗಾಳಿ ಎಷ್ಟು ಇಟ್ಟಿದ್ದೀರಿ? ಟೈರ್ ಯಾವ ವರ್ಷದ್ದು? 24 ಚೀಲ ತುಂಬಿದಾಗ ಹಿಂದಿನ ಆಕ್ಸಲ್ ಮೇಲೆ ಎಷ್ಟು ತೂಕ ಬರುತ್ತದೆ, ಯಾವತ್ತಾದರೂ ತೂಗಿಸಿದ್ದೀರಾ?

ಕಕ್ಕಬ್ಬೆ ಪಿಕಪ್ · 10.05

ಗಾಳಿ 30. ಅದಕ್ಕಿಂತ ಜಾಸ್ತಿ ಹಾಕಿದರೆ ಬಾಣೆ ದಾರಿಯಲ್ಲಿ ಸೊಂಟ ಮುರಿಯುತ್ತದೆ. ಎರಡು ವರ್ಷದ ಹಿಂದೆ ಹೊಸದಾಗಿ ಕೊಂಡದ್ದು. ಆಕ್ಸಲ್ ಮಾತ್ರ ತೂಗಿಸುವುದು ಹೇಗೆ?

ಗಾಳಿ ಎಷ್ಟು · 10.09

30?! 24 ಚೀಲಕ್ಕೆ?!

ಸಂಪಾಜೆ ಘಾಟಿ · 10.15

ನಾನು ಬಾಡಿಗೆ ಗಾಡಿ ಓಡಿಸುವವನು. ವಾರಕ್ಕೆ ನಾಲ್ಕು ಸಲ ಸುಳ್ಯ, ಪುತ್ತೂರು. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಒಳಗೇ ಕಾಯುತ್ತದೆ. ತಂತಿಯನ್ನು ಹಾಗೇ ಬಗ್ಗಿಸುತ್ತಾ ಇದ್ದರೆ ಬಿಸಿಯಾಗಿ ತುಂಡಾಗುತ್ತದಲ್ಲ, ಹಾಗೆ. ಘಾಟಿ ಇಳಿಯುವಾಗ ಬ್ರೇಕಿನ ಬಿಸಿಯೂ ರಿಮ್‌ಗೆ ಸೇರುತ್ತದೆ.

ಇನ್ನೊಂದು. ಕೆಲವರು ಕೆಳಗೆ ಇಳಿದ ಮೇಲೆ ಗಾಳಿ ನೋಡಿ ‘ಓ ಜಾಸ್ತಿ ಆಗಿದೆ’ ಅಂತ ಬಿಡಿಸುತ್ತಾರೆ. ಬಿಸಿ ಟೈರಿನಲ್ಲಿ ಗಾಳಿ ಏರಿಯೇ ಇರುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ತಣ್ಣಗಿರುವಾಗ ನೋಡಿ.

ತೂಕಕ್ಕೆ ವೇಬ್ರಿಡ್ಜ್‌ನವರಿಗೆ ಹೇಳಿದರೆ ಸಾಕು. ಮೊದಲು ಪೂರ್ತಿ ಗಾಡಿ, ಆಮೇಲೆ ಮುಂದಿನ ಚಕ್ರ ಪ್ಲೇಟಿನಿಂದ ಆಚೆ ಇಳಿಸಿ ಹಿಂದಿನದು ಮಾತ್ರ. ಎರಡು ಸ್ಲಿಪ್.

ಸೋಮವಾರಪೇಟೆ ಹುಡುಗ · 10.31

ಇಷ್ಟೆಲ್ಲ ಲೆಕ್ಕ ಯಾಕೆ? ದಪ್ಪ ಟೈರ್ ಹಾಕಿದರೆ ಮುಗಿಯಿತು ಅಲ್ವಾ. ನನ್ನ ಆಲ್ ಟೆರೇನ್ ಮೇಲೆ ‘ಎಂ ಪ್ಲಸ್ ಎಸ್’ ಅಂತ ಇದೆ. ಕೆಸರಿಗೂ ಹಿಮಕ್ಕೂ ಆಗುತ್ತದೆ.

ಮಳೆಹುಳು · 10.33

ನಮ್ಮ ತಡಿಯಂಡಮೋಳ್ ಬೆಟ್ಟದ ಮೇಲೆ ಹಿಮ ಬಿದ್ದರೆ ಮೊದಲು ನಿಮಗೇ ಫೋನ್ ಮಾಡ್ತೇನೆ.

ಗಾಳಿ ಎಷ್ಟು · 10.40

ಎಂ ಪ್ಲಸ್ ಎಸ್ ಅನ್ನುವುದು ಟೈರ್ ಮಾಡುವವರೇ ಬರೆದುಕೊಳ್ಳುವ ಗುರುತು. ಅದಕ್ಕೆ ಪರೀಕ್ಷೆ ಪಾಸಾಗಬೇಕು ಅಂತ ಇಲ್ಲ. ಬಟನ್ ದಪ್ಪ ಇದೆ ಅಂದರೆ ಭಾರ ಹೊರುತ್ತದೆ ಅಂತಲೂ ಅಲ್ಲ. ಕಾರಿಗೆ ಅಂತ ಮಾಡಿದ ಮೆತ್ತನೆ ಟೈರಿಗೂ ಆಲ್ ಟೆರೇನ್ ಬಟನ್ ಅಚ್ಚು ಹಾಕಿ ಕೊಡುತ್ತಾರೆ. ಹೊರಗೆ ನೋಡಿದರೆ ಪೈಲ್ವಾನ್, ಒಳಗೆ ಎರಡೇ ಪದರ.

ಬೆಂಗಳೂರಲ್ಲಿ ಕೊಡಗಿನವ · ಸೋಮವಾರ ಬೆಳಿಗ್ಗೆ 7.30

ನಾನು ತಿಂಗಳಿಗೊಮ್ಮೆ ಊರಿಗೆ ಬರುವವನು. ಆಲ್ ಟೆರೇನ್ ಹಾಕಿಸಿದ ಮೇಲೆ ಹೈವೇಯಲ್ಲಿ ಗುಂಯ್ ಅಂತ ಸದ್ದು. ಮೈಲೇಜೂ ಸ್ವಲ್ಪ ಇಳಿಯಿತು. ಆದರೆ ಮನೆ ಹಿಂದಿನ ಕಲ್ಲು ದಾರಿಯಲ್ಲಿ ಎರಡು ವರ್ಷದಿಂದ ಒಂದು ಪಂಕ್ಚರ್ ಇಲ್ಲ. ಮೊದಲು ಪ್ರತಿ ಸಲ ಒಂದು ಗ್ಯಾರಂಟಿ.

ಅಂದಹಾಗೆ ಕಕ್ಕಬ್ಬೆ ಕಡೆ ಚೆರ್ರಿಗೆ ಏನು ರೇಟ್ ನಡೀತಿದೆ?

ಏಲಕ್ಕಿ ಅಕ್ಕ · 7.48

ರೇಟ್ ಮಾತು ಇಲ್ಲಿ ಬೇಡ. ಶುರುವಾದರೆ ಟೈರ್ ಮರೆತೇ ಹೋಗುತ್ತದೆ.

ನನ್ನ ಅನುಭವ ಹೇಳುತ್ತೇನೆ. ತೋಟದೊಳಗೆ ಟೈರ್ ಕೊಲ್ಲುವುದು ಕೆಸರಲ್ಲ, ಕಡಿದ ಕಾಫಿ ಬುಡ. ಹಳೆ ಗಿಡ ತೆಗೆದಾಗ ನಾಲ್ಕು ಬೆರಳು ಬಿಟ್ಟು ಓರೆಯಾಗಿ ಕಡಿದಿರುತ್ತಾರೆ. ಮೇಲೆ ಎಲೆ ಮುಚ್ಚಿರುತ್ತದೆ. ಗಾಡಿ ರಿವರ್ಸ್ ತೆಗೆಯುವಾಗ ಅದು ಟೈರಿನ ಪಕ್ಕಕ್ಕೆ ಈಟಿ ಹಾಗೆ ಹೊಗುತ್ತದೆ. ಒಂದೇ ವರ್ಷದಲ್ಲಿ ನನಗೆ ಎರಡು ಟೈರ್ ಹೋಯಿತು. ಆಮೇಲೆ ಪಕ್ಕ ಗಟ್ಟಿ ಇರುವ ‘ಎಲ್‌ಟಿ’ ಟೈರ್ ಹಾಕಿಸಿದೆ. ಕುಂತರೆ ನಿಂತರೆ ಎತ್ತಿನಗಾಡಿ ಹಾಗೆ ಕುಲುಕುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ತೂತಾಗಿಲ್ಲ.

ಮಗ ಈಗಲೂ ಆ ಗಾಡಿಯಲ್ಲಿ ಬರುವುದಿಲ್ಲ. ಬೆನ್ನು ನೋವಂತೆ. ಇಪ್ಪತ್ತೆರಡು ವಯಸ್ಸು!

ಜೀಪ್ ಮಾವ · 8.05

ನಮ್ಮ ಗದ್ದೆಗೆ ಎರಡು ದಿನ ಕಳಿಸಿ. ಬೆನ್ನು ಸರಿಯಾಗುತ್ತದೆ.

ಕಕ್ಕಬ್ಬೆ ಪಿಕಪ್ · ಬುಧವಾರ ರಾತ್ರಿ 9.15

ತೂಗಿಸಿಕೊಂಡು ಬಂದೆ. ಸ್ಲಿಪ್ ಮುಂದೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

24 ಚೀಲ, ನಾನು, ಜೊತೆಗೆ ಒಬ್ಬ ಹುಡುಗ. ಒಟ್ಟು 3,050 ಕೆಜಿ. ಹಿಂದಿನ ಆಕ್ಸಲ್ ಮಾತ್ರ 1,940. ಅಂದರೆ ಒಂದೊಂದು ಟೈರಿನ ಮೇಲೆ 970. ಟೈರಿನ ಶಕ್ತಿ 925. ಇಷ್ಟು ದಿನ ಹೀಗೇ ಓಡಿಸಿದ್ದೇನೆ ಅಂತ ನೆನೆಸಿಕೊಂಡರೆ ಕೈ ನಡುಗುತ್ತದೆ.

ಇನ್ನೊಂದು ವಿಷಯ. ವರ್ಷ ಎಲ್ಲಿ ನೋಡೋದು ಅಂತ ಗೊತ್ತಿರಲಿಲ್ಲ. ವೇಬ್ರಿಡ್ಜ್ ಹುಡುಗನೇ ತೋರಿಸಿದ. ಟೈರಿನ ಪಕ್ಕ ಒಂದು ಮೊಟ್ಟೆ ಆಕಾರದ ಗೆರೆಯೊಳಗೆ ನಾಲ್ಕು ಅಂಕಿ. 1119.

ಗಾಳಿ ಎಷ್ಟು · 9.24

2019ನೇ ಇಸವಿಯ 11ನೇ ವಾರ. ಎರಡು ವರ್ಷದ ಹಿಂದೆ ‘ಹೊಸದು’ ಅಂತ ನಿಮಗೆ ಕೊಟ್ಟಾಗಲೇ ಅದು ಗೋಡೌನ್‌ನಲ್ಲಿ ಹುಟ್ಟುಹಬ್ಬ ಮಾಡಿಕೊಂಡಿತ್ತು. ದುಡ್ಡು ಕೊಡುವ ಮೊದಲು ಆ ನಾಲ್ಕು ಅಂಕಿ ನೋಡಿ. ನಾಲ್ಕು ಟೈರಿನದ್ದೂ ನೋಡಿ. ಮೂರು ಹೊಸದು, ಒಂದು ಹಳೆಯದು ಸೇರಿಸಿಬಿಡುವುದೂ ಉಂಟು.

ಸೋಮವಾರಪೇಟೆ ಹುಡುಗ · 9.30

ಹಾಗಾದರೆ 105ಕ್ಕಿಂತ ದೊಡ್ಡ ನಂಬರ್ ತಗೊಂಡರೆ ಆಯಿತು. ಇದೇ ಸೈಜಿನ ಎಲ್‌ಟಿ ಆಲ್ ಟೆರೇನ್ ನೋಡಿದೆ. ಅದರ ಮೇಲೆ 104/101 ಅಂತ ಇದೆ! 105ಕ್ಕಿಂತ ಕಮ್ಮಿ! ಅಕ್ಕ, ನೀವು ಗಟ್ಟಿ ಅಂತ ಹಾಕಿಸಿದ್ದು ಅದೇ ತಾನೇ? 😏

ಏಲಕ್ಕಿ ಅಕ್ಕ · 9.34

ಹೌದು, ಅದೇ. ನಂಬರ್ ನಾನು ನೋಡಲೇ ಇಲ್ಲ. ಗಾಳಿ ಅಣ್ಣ, ಉತ್ತರ ಕೊಡಿ.

ಗಾಳಿ ಎಷ್ಟು · 10.02

ಒಳ್ಳೆ ಪ್ರಶ್ನೆ. ಅಂಗಡಿಯಲ್ಲಿ ನೂರು ಜನರಲ್ಲಿ ಒಬ್ಬರೂ ಕೇಳುವುದಿಲ್ಲ.

104/101ರಲ್ಲಿ ಮೊದಲಿನದು ಒಂಟಿ ಚಕ್ರಕ್ಕೆ, ಎರಡನೆಯದು ಲಾರಿ ಹಾಗೆ ಪಕ್ಕಪಕ್ಕ ಜೋಡಿ ಚಕ್ರ ಇದ್ದರೆ. ನಿಮಗೆ ಬೇಕಾದದ್ದು 104, ಅಂದರೆ 900 ಕೆಜಿ.

ಈಗ ‘ಪಿ’ ಕಡೆ ಬನ್ನಿ. ಪಿ ಅಂದರೆ ಪ್ಯಾಸೆಂಜರ್. ಕಾರಿನಲ್ಲಿ ಮೆತ್ತಗೆ ಓಡಾಡುವ ಲೆಕ್ಕಕ್ಕೆ ಕೊಟ್ಟ 925 ಅದು. ಅದೇ ಟೈರನ್ನು ಪಿಕಪ್‌ಗೆ ಹಾಕಿದರೆ ಅಮೆರಿಕದ ಟೈರ್ ಲೆಕ್ಕದಲ್ಲಿ 1.1ರಿಂದ ಭಾಗಿಸುತ್ತಾರೆ. ಯಾಕೆ ಅಂದರೆ ಪಿಕಪ್ ಅಂದಮೇಲೆ ಹೊಂಡ, ಎತ್ತಿ ಹಾಕುವ ಲೋಡ್, ಒಂದು ಕಡೆ ವಾಲುವುದು, ಎಲ್ಲ ಇರುತ್ತದೆ. 925ನ್ನು ಭಾಗಿಸಿದರೆ 841. ಎಲ್‌ಟಿ ಲೈಟ್ ಟ್ರಕ್‌ಗೆ ಅಂತಲೇ ಮಾಡಿದ್ದು. ಅದಕ್ಕೆ ಈ ಕಡಿತ ಇಲ್ಲ. ಅದರ 900 ನಿಜವಾಗಿ 900.

ಆದರೆ ಇಲ್ಲೇ ಜನ ಎಡವುವುದು. ಆರು ಪ್ಲೈ (ಆರು ಪದರದ ಶಕ್ತಿ) ಎಲ್‌ಟಿ ಟೈರ್ ಆ 900 ಹೊರುವುದು 50 ಗಾಳಿ ಇದ್ದಾಗ. 30 ಇಟ್ಟರೆ ಇದಕ್ಕಿಂತ ಪಿ ಟೈರೇ ವಾಸಿ. ಎಲ್‌ಟಿಗೆ ಅಷ್ಟೇ ಭಾರಕ್ಕೆ ಜಾಸ್ತಿ ಗಾಳಿ ಬೇಕು. ಬಾಗಿಲ ಒಳಗಿನ ಸ್ಟಿಕ್ಕರ್ ಹಳೆ ಟೈರಿಗೆ ಬರೆದದ್ದು. ಅದನ್ನೇ ಇದಕ್ಕೂ ಹಿಡಿಯಬೇಡಿ. ರಿಮ್ ಅಷ್ಟು ಗಾಳಿ ತಡೆಯುತ್ತದಾ ಅಂತಲೂ ಕೇಳಿ ನೋಡಿ.

ಕಕ್ಕಬ್ಬೆ ಪಿಕಪ್ · 10.10

ಆದರೂ 900 ನನ್ನ 970ಕ್ಕೆ ಸಾಲುವುದಿಲ್ಲವಲ್ಲ?

ಸಂಪಾಜೆ ಘಾಟಿ · 10.16

ಅಣ್ಣ, ಬೇಜಾರು ಮಾಡಬೇಡಿ. ಆರ್‌ಸಿ ತೆಗೆದು ನೋಡಿ. ಒಟ್ಟು ತೂಕ ಎಷ್ಟು ಬರೆದಿದೆ?

ಕಕ್ಕಬ್ಬೆ ಪಿಕಪ್ · 10.21

2,900.

ಸಂಪಾಜೆ ಘಾಟಿ · 10.24

ಅಲ್ಲಿಗೆ ಉತ್ತರ ಸಿಕ್ಕಿತು. 150 ಕೆಜಿ ಓವರ್‌ಲೋಡ್. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ನಮ್ಮ ಸ್ಟ್ಯಾಂಡಿನ ಒಬ್ಬರು ಕಟ್ಟಿದ್ದಾರೆ, ರಸೀದಿ ಫ್ರೇಮ್ ಹಾಕಿಸುತ್ತೇನೆ ಅನ್ನುತ್ತಿದ್ದರು.

20 ಚೀಲ ಹಾಕಿ. ಗಾಡಿ 2,850ಕ್ಕೆ ಬರುತ್ತದೆ. ಹಿಂದೆ ಸುಮಾರು 1,750. ಟೈರಿಗೆ 875. ಎಲ್‌ಟಿಯ 900ರ ಒಳಗೆ ಆಯಿತು. ಪಿ ಟೈರಿನ 841ಕ್ಕೆ ಅದೂ ಜಾಸ್ತಿಯೇ.

ಮಳೆಹುಳು · 10.26

24 ಚೀಲಕ್ಕೆ ಟೈರ್ ಕೇಳಲು ಬಂದವರಿಗೆ 20 ಚೀಲ ಮಾಡಿ ಕಳಿಸಿದಿರಿ. ಭಲೇ ವೇದಿಕೆ.

ಜೀಪ್ ಮಾವ · 10.41

ಐದು ಟ್ರಿಪ್‌ನಲ್ಲಿ ಆಗುವುದು ಆರು ಟ್ರಿಪ್ ಆಗುತ್ತದೆ. ಡೀಸೆಲ್ ಯಾರು ಕೊಡ್ತಾರೆ? ಮೊದಲೆಲ್ಲ ನಾವು ಜೀಪಿನಲ್ಲೇ ಎಷ್ಟು ತುಂಬುತ್ತಿದ್ದೆವು ಗೊತ್ತಾ? ಹಿಂದೆ ಒಂದು ಸ್ಪ್ರಿಂಗ್ ಪಟ್ಟಿ ಜಾಸ್ತಿ ಸೇರಿಸಿದರೆ ಆಯಿತು.

ಗಾಳಿ ಎಷ್ಟು · 10.50

ಪಟ್ಟಿ ಸೇರಿಸಿದರೆ ಗಾಡಿ ಕೂರುವುದಿಲ್ಲ, ಅಷ್ಟೇ ಮಾವ. ಟೈರಿಗೆ ಪಟ್ಟಿ ಇರುವುದು ಗೊತ್ತಾಗುವುದಿಲ್ಲ. ಭಾರ ಅದರ ತಲೆ ಮೇಲೆಯೇ. ಇನ್ನೂ ಅಪಾಯ, ಯಾಕೆಂದರೆ ಗಾಡಿ ನೆಟ್ಟಗೆ ನಿಂತಿರುವುದು ನೋಡಿ ಲೋಡ್ ಸರಿ ಇದೆ ಅಂದುಕೊಳ್ಳುತ್ತೀರಿ.

ಜೀಪ್ ಮಾವ · 10.52

ಹ್ಞೂಂ. ಅದು ಸರಿ.

ಬೆಂಗಳೂರಲ್ಲಿ ಕೊಡಗಿನವ · 10.58

ಜೀಪ್ ಮಾವ ಒಪ್ಪಿದರು!! ಯಾರಾದರೂ ಇದನ್ನು ಸ್ಕ್ರೀನ್‌ಶಾಟ್ ತೆಗೆದಿಡಿ.

ಸೋಮವಾರಪೇಟೆ ಹುಡುಗ · ಗುರುವಾರ ಬೆಳಿಗ್ಗೆ 6.50

ನನಗೂ ಒಂದು ಡೌಟ್. ನನ್ನ ಗಾಡಿಗೆ ಮೊದಲು 215/75 ಇತ್ತು. ನಾನು 235/75 ಹಾಕಿಸಿದ್ದೇನೆ. ಏನೂ ತೊಂದರೆ ಇಲ್ಲ ಅಲ್ವಾ?

ಗಾಳಿ ಎಷ್ಟು · 7.20

ಟೈರಿನ ಎತ್ತರ 704 ಮಿಲಿಮೀಟರ್ ಇದ್ದದ್ದು 734 ಆಗಿದೆ. ಶೇಕಡಾ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ. ಮೀಟರ್ 60 ತೋರಿಸುವಾಗ ನೀವು ಸುಮಾರು 62.5ರಲ್ಲಿ ಹೋಗುತ್ತಿದ್ದೀರಿ. ನೆಲದಿಂದ 15 ಮಿಲಿಮೀಟರ್ ಎತ್ತರ ಸಿಕ್ಕಿದೆ, ಅಷ್ಟೇ ಲಾಭ. ಏರು ಹತ್ತುವಾಗ ಎಂಜಿನ್ ಸ್ವಲ್ಪ ಉಸಿರು ಬಿಡುತ್ತಿರಬೇಕು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲಾದರೂ ಉಜ್ಜುತ್ತದಾ?

ಸೋಮವಾರಪೇಟೆ ಹುಡುಗ · 7.24

ಎಡಕ್ಕೆ ತಿರುಗಿಸಿದರೆ ಸ್ವಲ್ಪ ಸರ್ ಅನ್ನುತ್ತದೆ. ಮಡ್ ಫ್ಲಾಪ್ ಇರಬೇಕು ಅಂದುಕೊಂಡಿದ್ದೆ…

ಏಲಕ್ಕಿ ಅಕ್ಕ · 7.31

ಗತ್ತಿನ ಸದ್ದು ಅದು.

ಮಳೆಹುಳು · 7.45

ಸಿದ್ದಾಪುರ ರಸ್ತೆಯಲ್ಲಿ ಈಗ ಆನೆ ನಿಂತಿದೆ. ಗಾಡಿಗಳೆಲ್ಲ ಸಾಲಾಗಿ ರಿವರ್ಸ್. ಆನೆ ಕಾಲಿಗೆ ಲೋಡ್ ಇಂಡೆಕ್ಸ್ ಎಷ್ಟು ಅಣ್ಣ?

ಗಾಳಿ ಎಷ್ಟು · 7.50

ಅದು ಭಾರವನ್ನು ನಾಲ್ಕು ಕಾಲಿಗೂ ಹಂಚಿಕೊಂಡಿದೆ. ನಮ್ಮವರ ಹಾಗೆ ಎಲ್ಲವನ್ನೂ ಹಿಂದೆ ಹೇರಿಕೊಂಡಿಲ್ಲ.

ಕಕ್ಕಬ್ಬೆ ಪಿಕಪ್ · ಮುಂದಿನ ಮಂಗಳವಾರ ರಾತ್ರಿ 8.30

ಹಾಕಿಸಿದೆ. ಎಲ್‌ಟಿ 235/75 ಆರ್ 15, ಆರು ಪ್ಲೈ, 104/101 ಕ್ಯೂ, ಆಲ್ ಟೆರೇನ್. ಅಂಗಡಿಯವರು ಮೊದಲು ಬೇರೆಯದು ತಂದಿಟ್ಟರು. ನೋಡಲು ಇನ್ನೂ ದೊಡ್ಡ ಬಟನ್. ಬಗ್ಗಿ ಓದಿದರೆ ಎಲ್‌ಟಿ ಅಂತ ಎಲ್ಲೂ ಇಲ್ಲ. ಬೇಡ ಅಂದೆ. ನಾಲ್ಕು ಅಂಕಿಯನ್ನೂ ಟಾರ್ಚ್ ಹಿಡಿದು ನೋಡಿದೆ. ಅಂಗಡಿಯವರು ‘ಏನು ಸಾರ್, ಆರ್‌ಟಿಒದವರಾ?’ ಅಂತ ಕೇಳಿದರು.

ಇವತ್ತು 20 ಚೀಲ, ಹಿಂದೆ 50 ಗಾಳಿ. ಬೋಯಿಕೇರಿಯಲ್ಲಿ ಗಾಡಿ ಹಿಂದಿನ ಹಾಗೆ ಆ ಕಡೆ ಈ ಕಡೆ ವಾಲಲಿಲ್ಲ. ಆದರೆ ಖಾಲಿ ಬರುವಾಗ ಬಾಣೆ ದಾರಿಯಲ್ಲಿ ಹಲ್ಲು ಕಟಕಟ. ಅಕ್ಕನ ಮಗನ ಕಷ್ಟ ಅರ್ಥವಾಯಿತು.

ಸಂಪಾಜೆ ಘಾಟಿ · 8.38

ಖಾಲಿ ಇರುವಾಗ ಹಿಂದೆ 50 ಬೇಡ. ಇಳಿಸಬಹುದು. ಒಂದು ಸಣ್ಣ ಪಂಪ್ ಗಾಡಿಯಲ್ಲೇ ಇಟ್ಟುಕೊಳ್ಳಿ. ಮತ್ತೆ ಲೋಡ್ ಹಾಕುವ ಮೊದಲು ಮಾತ್ರ ನೆನಪಿಟ್ಟು ಏರಿಸಿ. ಮರೆತರೆ ಕಥೆ ಮೊದಲಿಂದ.

ಜೀಪ್ ಮಾವ · 8.44

ಜೂನ್‌ಗೆ ಚೈನ್ ತಗೋ. ನನ್ನ ಹತ್ತಿರ ಹಳೇ ಜೋಡಿ ಒಂದು ಇದೆ. ಕಾಸು ಬೇಡ, ಬರುವಾಗ ಒಂದು ಬಾಟಲಿ ಜೇನು ತಂದರೆ ಸಾಕು. ಕಾಂಕ್ರೀಟ್ ಬಂದ ಕೂಡಲೇ ಬಿಚ್ಚು, ಇಲ್ಲದಿದ್ದರೆ ಇಲ್ಲಿ ಬೈಯುವವರಿದ್ದಾರೆ.

ಏಲಕ್ಕಿ ಅಕ್ಕ · 8.46

ಅದು ನೀವೇ ಅಂತ ಗೊತ್ತಿತ್ತು ಮಾವ.

ಗಾಳಿ ಎಷ್ಟು · 8.55

ಎಲ್ಲ ಸರಿ. ಸ್ಟೆಪ್ನಿ ಯಾವುದು ಈಗ?

ಕಕ್ಕಬ್ಬೆ ಪಿಕಪ್ · 9.01

ಹಳೆಯದೇ. 1119ರ ಇನ್ನೊಂದು. ನಾಲ್ಕಕ್ಕೇ ದುಡ್ಡು ಮುಗಿಯಿತು.

ಗಾಳಿ ಎಷ್ಟು · 9.03

ಅದರಲ್ಲಿ ಗಾಳಿ ಎಷ್ಟಿದೆ?

ಕಕ್ಕಬ್ಬೆ ಪಿಕಪ್ · 9.04

ತಡೀರಿ, ಟಾರ್ಚ್ ತಗೊಂಡು ನೋಡಿ ಬರುತ್ತೇನೆ.

ಕಕ್ಕಬ್ಬೆ ಪಿಕಪ್ · 9.19

12.